ಕಹಿಗೂ ಒಂದು ಲೆಕ್ಕವುಂಟು

(ಬಾಪೂಜಿನಗರದ ವಾರಾಂತ್ಯದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಬಾಪೂಜಿಯ ಹೆಸರು ಹೊತ್ತ ಬಡಾವಣೆಯಲ್ಲಿ ಕುಳಿತು ಬಿಯರಿನ ರುಚಿಯ ಬಗ್ಗೆ ಮಾತನಾಡುವುದು ಕೆಲವರಿಗೆ ಸರಿ ಕಾಣದಿರಬಹುದು. ಗಾಂಧೀಜಿ ಪಾನನಿರೋಧದ ಕಟ್ಟಾ ಪ್ರತಿಪಾದಕರು. ಅಷ್ಟೇ ಅಲ್ಲ, ಅವರ ಆಶ್ರಮದ ಹನ್ನೊಂದು ವ್ರತಗಳಲ್ಲಿ 'ಅಸ್ವಾದ'ವೂ ಒಂದು. ಅಂದರೆ ನಾಲಿಗೆಯ ಚಪಲಕ್ಕೆ ಕಡಿವಾಣ. ಕುಡಿಯಬೇಡಿ ಎಂದದ್ದಲ್ಲದೆ, ತಿನ್ನುವುದನ್ನು ಸಹ ರುಚಿಗೋಸ್ಕರ ತಿನ್ನಬೇಡಿ ಎಂದವರು ಅವರು. ನಮ್ಮ ಸಂವಿಧಾನದ 47ನೇ ವಿಧಿ ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಇನ್ನೊಂದೆಡೆ ರಾಜ್ಯದ ಬೊಕ್ಕಸ ತುಂಬುವ ದೊಡ್ಡ ಬಾಬ್ತುಗಳಲ್ಲಿ ಅಬಕಾರಿಯೂ ಒಂದು. ನಿಷೇಧದ ಆದರ್ಶ ಮತ್ತು ವರಮಾನದ ಆಸೆ ಇವೆರಡರ ನಡುವೆ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದುಬಿಟ್ಟಿದೆ. ಕುಡಿಯುವವನ ಲೋಟದಲ್ಲಿ ನಿಜವಾಗಿ ಇರುವುದೇನು? ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದು ಹೇಗೆ?

ಈ ಮಾತುಗಳ ಉದ್ದೇಶ ಕುಡಿಯದವರನ್ನು ಕುಡಿಯಲು ಕರೆಯುವುದಲ್ಲ. ಕಾಫಿಗೆ ರುಚಿ ನೋಡುವವರಿದ್ದಾರೆ, ಚಹಾಕ್ಕೆ ಇದ್ದಾರೆ, ತುಪ್ಪವನ್ನು ಅಂಗೈ ಮೇಲೆ ಉಜ್ಜಿ ಮೂಸಿ ನೋಡುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಹಾಗೆಯೇ ಬಿಯರಿಗೂ ಒಂದು ಪರೀಕ್ಷಾ ಕ್ರಮ ಉಂಟು. ಆ ಕ್ರಮವನ್ನು ತಿಳಿಯಲು ಅತ್ಯಂತ ಸೂಕ್ತವಾದ ಉದಾಹರಣೆ, ಕಹಿಯೂ ಕಡಕ್ಕೂ ಆದ 'ಇಂಡಿಯಾ ಪೇಲ್ ಏಲ್'. ಬೆಂಗಳೂರಿನ ಕಿರು ಬ್ರೂವರಿಗಳಲ್ಲಿ 'ಐಪಿಎ' ಎಂಬ ಮೂರಕ್ಷರದಿಂದ ಕರೆಯಲಾಗುವ ಬಿಯರ್ ಇದೇ.

ಹೆಸರಿನಲ್ಲಿ ಇಂಡಿಯಾ, ಹುಟ್ಟು ಲಂಡನ್

ಹೆಸರಿನಲ್ಲಿ ಇಂಡಿಯಾ ಇದ್ದರೂ ಇದು ಇಲ್ಲಿ ಹುಟ್ಟಿದ ಪಾನೀಯವಲ್ಲ. ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಹಾಜ್‌ಸನ್ ಮನೆತನದ ಬ್ರೂವರಿ ಇತ್ತು. ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳು ತಂಗುತ್ತಿದ್ದ ಸ್ಥಳ ಅದಕ್ಕೆ ಸಮೀಪ. ಹಡಗಿನ ಕಪ್ತಾನರು ಸ್ವಂತ ವ್ಯಾಪಾರಕ್ಕಾಗಿ ಬಿಯರ್ ಪೀಪಾಯಿಗಳನ್ನು ಕೊಂಡೊಯ್ಯುತ್ತಿದ್ದರು. ಹಾಜ್‌ಸನ್ ಅವರಿಗೆ ದೀರ್ಘಾವಧಿಯ ಸಾಲ ಕೊಡುತ್ತಿದ್ದ. ವ್ಯಾಪಾರ ಕುದುರಲು ಇಷ್ಟು ಸಾಕಾಯಿತು.

ಹಡಗು ಆಫ್ರಿಕಾ ಖಂಡವನ್ನು ಬಳಸಿ, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ನಾಲ್ಕರಿಂದ ಆರು ತಿಂಗಳಲ್ಲಿ ಮದ್ರಾಸು ಅಥವಾ ಕಲ್ಕತ್ತೆ ತಲುಪಬೇಕು. ಅಷ್ಟು ದಿನ ಬಿಸಿಲಲ್ಲಿ ಕುಲುಕಾಡಿದ ಬಿಯರ್ ಹುಳಿಯಾಗಬಾರದು. ಇದಕ್ಕೆ ನೆರವಾದದ್ದು ಹಾಪ್ಸ್ ಎಂಬ ಬಳ್ಳಿಯ ಹೂವು. ಅದರ ಕಹಿ ಅಂಶ ಹುಳಿ ಬರಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಹಾಪ್ಸ್‌ಗೆ ಪಾನೀಯವನ್ನು ಕೆಡದಂತೆ ಇಡುವ ಗುಣವಿದೆ ಎಂದು ಹನ್ನೆರಡನೇ ಶತಮಾನದಲ್ಲೇ ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್ ಬರೆದಿದ್ದಳು. ಕಲ್ಯಾಣದಲ್ಲಿ ಹೆಂಡದ ಮಾರಯ್ಯ ವಚನ ಬರೆದದ್ದು ಕೂಡ ಅದೇ ಶತಮಾನದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಹಾಜ್‌ಸನ್ ಭಾರತಕ್ಕೆಂದೇ ಹೊಸ ಬಿಯರನ್ನು ಕಂಡುಹಿಡಿದ, ಅದನ್ನು ವಿಪರೀತ ಕಡಕ್ಕಾಗಿ ಮಾಡಿದ ಎಂಬುದು ಪ್ರಚಲಿತ ಕಥೆ. ಇತ್ತೀಚಿನ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಆಗಲೇ ರೂಢಿಯಲ್ಲಿದ್ದ, ಬಹುಕಾಲ ಇಟ್ಟು ಕುಡಿಯುವ ತಿಳಿಬಣ್ಣದ ಬಿಯರೇ ಹಡಗು ಹತ್ತಿತು. ಪ್ರಯಾಣದ ಸೆಕೆ ಅದನ್ನು ಬೇಗ ಪಕ್ವಗೊಳಿಸಿತು, ಇಲ್ಲಿನ ಇಂಗ್ಲಿಷರಿಗೆ ಅದು ಹಿಡಿಸಿತು. ಅದರ ಮದ್ಯಾಂಶ ಸುಮಾರು ಶೇ 6ರ ಆಸುಪಾಸು. ಆ ಕಾಲದ ಲೆಕ್ಕದಲ್ಲಿ ಅದು ಅಂಥ ಕಡಕ್ಕೇನೂ ಅಲ್ಲ. 1820ರ ದಶಕದಲ್ಲಿ ಬರ್ಟನ್ ಎಂಬ ಊರಿನ ಆಲ್‌ಸಪ್, ಬಾಸ್ ಮುಂತಾದವರು ಈ ವ್ಯಾಪಾರಕ್ಕೆ ಕೈಹಾಕಿದರು. ಬರ್ಟನ್ನಿನ ಬಾವಿ ನೀರಿನಲ್ಲಿ ಜಿಪ್ಸಂ ಅಂಶ ಹೆಚ್ಚು. ಆ ನೀರಿನಲ್ಲಿ ಹಾಪ್ಸ್‌ನ ಕಹಿ ಗರಿಗರಿಯಾಗಿ, ಸ್ಪಷ್ಟವಾಗಿ ಬರುತ್ತದೆ. ಹಾಜ್‌ಸನ್ ಹಿಂದೆ ಬಿದ್ದ.

ಇನ್ನೊಂದು ಸಂಗತಿ. ಈ ತಿಳಿಬಣ್ಣದ ಬಿಯರ್ ಮುಖ್ಯವಾಗಿ ಅಧಿಕಾರಿಗಳ, ವ್ಯಾಪಾರಿಗಳ ಪಾನೀಯ. ಸಾಮಾನ್ಯ ಸೋಲ್ಜರ್ ಕುಡಿಯುತ್ತಿದ್ದದ್ದು ಪೋರ್ಟರ್ ಎಂಬ ಕಪ್ಪು ಬಿಯರ್, ಅದಕ್ಕಿಂತ ಹೆಚ್ಚಾಗಿ ಸಾರಾಯಿ ಮತ್ತು ರಮ್. ಸಾರಾಯಿಯಿಂದ ಸೈನಿಕರು ಕಾಯಿಲೆ ಬಿದ್ದು ಸಾಯುತ್ತಿದ್ದುದನ್ನು ಕಂಡು, ಅದರ ಬದಲು ಬಿಯರ್ ಕುಡಿಸಲು ಸೇನಾಡಳಿತವೇ ಉತ್ತೇಜನ ನೀಡಿತು. ಯಾರ ಲೋಟಕ್ಕೆ ಏನು ಬೀಳಬೇಕು ಎಂಬುದನ್ನು ನಾಲಿಗೆಗಿಂತ ಅಂತಸ್ತೇ ತೀರ್ಮಾನಿಸುತ್ತಿತ್ತು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರಬೇಕಾಗುತ್ತದೆ.

ದಂಡಿನಿಂದ ಪಬ್ಬಿಗೆ

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ದಂಡನ್ನು ಸ್ಥಳಾಂತರಿಸಿದರು. ದಂಡಿನ ಹಿಂದೆಯೇ ಬಿಯರ್ ಬಂತು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಭಾರತದಲ್ಲೇ ಬ್ರೂವರಿಗಳು ಹುಟ್ಟಿಕೊಂಡವು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ಎಂಬಾತ ಇಂಥ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಅವುಗಳಲ್ಲಿ ಹಳೆಯದಾದ ಕ್ಯಾಸಲ್ ಬ್ರೂವರಿ 1857ರದು. ದೊಡ್ಡ ಪೀಪಾಯಿಗಳಲ್ಲಿ ತುಂಬಿದ ಬಿಯರ್ ಎತ್ತಿನ ಗಾಡಿಗಳಲ್ಲಿ ಸೇನಾ ಶಿಬಿರಗಳಿಗೆ ಸಾಗುತ್ತಿತ್ತು. 1947ರಲ್ಲಿ ವಿಠ್ಠಲ ಮಲ್ಯ ಈ ಕಂಪೆನಿಯ ಮೊದಲ ಭಾರತೀಯ ನಿರ್ದೇಶಕರಾದರು. ಮುಂದೆ ಕಿಂಗ್‌ಫಿಷರ್ ದೇಶದಾದ್ಯಂತ ಮನೆಮಾತಾಯಿತು. 2021ರಲ್ಲಿ ಕಂಪೆನಿಯ ಹಿಡಿತ ಹಾಲೆಂಡಿನ ಹೈನೆಕೆನ್ ಕೈಸೇರಿತು.

ಅಷ್ಟರಲ್ಲಿ ಇಂಡಿಯಾ ಪೇಲ್ ಏಲ್ ಇಂಡಿಯಾದಿಂದಲೇ ಮಾಯವಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಶೀತಲೀಕರಣ ಯಂತ್ರ ಬಂದ ಮೇಲೆ, ತಂಪಿನಲ್ಲಿ ನಿಧಾನವಾಗಿ ಹುದುಗುವ ಜರ್ಮನ್ ಮಾದರಿಯ ಲಾಗರ್ ಜಗತ್ತನ್ನೇ ಗೆದ್ದಿತು. ತಿಳಿಹಳದಿ ಬಣ್ಣ, ಕಡಿಮೆ ಕಹಿ, ಮಂಜುಗಡ್ಡೆಯಂಥ ತಂಪು. 1980ರ ದಶಕದಲ್ಲಿ ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಗಳ ಪಬ್ಬುಗಳು ಬೆಂಗಳೂರಿಗೆ ಹೊಸ ಬಿರುದು ತಂದುಕೊಟ್ಟಾಗಲೂ ಅಲ್ಲಿ ಹರಿದದ್ದು ಲಾಗರೇ.

ಏಲ್ ಮರಳಿ ಬಂದದ್ದು ಅಮೆರಿಕದ ಮಾರ್ಗವಾಗಿ. 1972ರಲ್ಲಿ ಅಮೆರಿಕದ ಕೃಷಿ ಇಲಾಖೆ 'ಕ್ಯಾಸ್ಕೇಡ್' ಎಂಬ ಹಾಪ್ಸ್ ತಳಿಯನ್ನು ಬಿಡುಗಡೆ ಮಾಡಿತು. ಅದಕ್ಕೆ ಚಕ್ಕೋತ ಜಾತಿಯ ಹಣ್ಣಿನ ಘಮ. 1975ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ, 1980ರಲ್ಲಿ ಸಿಯೆರಾ ನೆವಾಡಾ ಈ ತಳಿಯನ್ನು ಧಾರಾಳವಾಗಿ ಬಳಸಿದವು. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಾಪ್ಸನ್ನು ಇಮ್ಮಡಿ ಸುರಿದ 'ಡಬಲ್ ಐಪಿಎ' ತಯಾರಾಯಿತು. ನಾಲಿಗೆಯೇ ನಡುಗುವಷ್ಟು ಕಹಿ, ಕಡಕ್ಕು. ಹೀಗೆ ಕಡಕ್ ಐಪಿಎ ಎಂಬುದು ಬ್ರಿಟಿಷರ ಕಾಲದ್ದಲ್ಲ, ಇತ್ತೀಚಿನ ಅಮೆರಿಕನ್ನರ ಸೃಷ್ಟಿ.

2010ರ ನಂತರ ಬೆಂಗಳೂರಿನಲ್ಲಿ ಕಿರು ಬ್ರೂವರಿಗಳಿಗೆ ದಾರಿಯಾಯಿತು. ಟಾಯ್ಟ್, ಬಿಯರ್ ಕ್ಲಬ್ ಮೊದಲಿಗೆ ಬಂದವು. 2012ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನ ಹೆಸರು ಹೊತ್ತ ಆರ್ಬರ್ ಬ್ರೂವಿಂಗ್ ಕಂಪೆನಿ ಮ್ಯಾಗ್ರಾತ್ ರಸ್ತೆಯಲ್ಲಿ ಬಾಗಿಲು ತೆರೆಯಿತು. ಅದರ 'ರೇಜಿಂಗ್ ಎಲಿಫೆಂಟ್' ಐಪಿಎಯಿಂದ ಅನೇಕ ಬೆಂಗಳೂರಿಗರು ಮೊದಲ ಬಾರಿಗೆ ಹಾಪ್ಸ್‌ನ ನಿಜವಾದ ಕಹಿ ಕಂಡರು. ಇಂಥ ಜಾಗಗಳು ಹೆಚ್ಚಾಗಿ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆ ಬೆಳೆದವು. ಮೈಸೂರು ರಸ್ತೆಯ ಈ ಕಡೆಗೆ ಆ ಗಾಳಿ ತಡವಾಗಿ, ಕಡಿಮೆಯಾಗಿ ಬೀಸಿತು.

ಹಾಪ್ಸ್ ಮತ್ತು ನಮ್ಮ ಅಡುಗೆಮನೆ

ಬಿಯರಿನ ಮೂಲವಸ್ತುಗಳು ನಾಲ್ಕೇ. ಬಾರ್ಲಿ, ನೀರು, ಹಾಪ್ಸ್, ಯೀಸ್ಟ್. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ನಮ್ಮಲ್ಲಿ ಮಗುವಿಗೆ ರಾಗಿ ಸರಿಯ ಹಿಟ್ಟು ಮಾಡುವ ಕ್ರಮವೂ ಇದೇ. ಮಾಲ್ಟನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟಾಗ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಸಕ್ಕರೆಯ ಬಹುಭಾಗ ಮದ್ಯಸಾರವೂ ಇಂಗಾಲದ ಡೈಆಕ್ಸೈಡೂ ಆಗುತ್ತದೆ.

ಹಾಪ್ಸ್ ಹೂವಿನ ಪಕಳೆಗಳ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಪುಡಿ ಇರುತ್ತದೆ. ಅದರಲ್ಲಿ ಎರಡು ಬಗೆಯ ಸರಕು. ಒಂದು, ಆಲ್ಫಾ ಆಮ್ಲಗಳು. ಇವು ಕುದಿದಾಗ ರೂಪಾಂತರಗೊಂಡು ಕಹಿ ಕೊಡುತ್ತವೆ. ಇನ್ನೊಂದು, ಸುಗಂಧ ತೈಲಗಳು. ಇವು ಕುದಿದರೆ ಆವಿಯಾಗಿ ಹೋಗುತ್ತವೆ. ಆದ್ದರಿಂದ ಕಹಿಗಾಗಿ ಹಾಪ್ಸನ್ನು ಕುದಿಯ ಆರಂಭದಲ್ಲಿ ಹಾಕುತ್ತಾರೆ, ಘಮಕ್ಕಾಗಿ ಕೊನೆಯಲ್ಲಿ ಅಥವಾ ಹುದುಗಿದ ಮೇಲೆ ತಣ್ಣಗೆ ಹಾಕುತ್ತಾರೆ. ಸಾರು ಕುದಿಯುವಾಗ ಮೆಣಸು ಹಾಕಿ, ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವ ಗೃಹಿಣಿಗೆ ಈ ತತ್ವವನ್ನು ಯಾರೂ ಕಲಿಸಬೇಕಿಲ್ಲ.

ಈ ಸುಗಂಧ ತೈಲಗಳು ನಮಗೆ ಅಪರಿಚಿತವೂ ಅಲ್ಲ. ಹಾಪ್ಸ್‌ನ ಮುಖ್ಯ ತೈಲಗಳಲ್ಲೊಂದಾದ ಮಿರ್ಸೀನ್ ಮಾವಿನಲ್ಲಿದೆ. ಲಿನಲೂಲ್ ಎಂಬುದು ಧನಿಯಾ ಬೀಜದ ಪರಿಮಳದ ಪ್ರಧಾನ ಅಂಶ. ಕ್ಯಾರಿಯೋಫಿಲೀನ್ ಕರಿಮೆಣಸು, ಲವಂಗಗಳಲ್ಲಿದೆ. ವಿದೇಶಿ ಪುಸ್ತಕಗಳು ಐಪಿಎಯ ಘಮವನ್ನು 'ಗ್ರೇಪ್‌ಫ್ರೂಟ್' ಎಂದು ವರ್ಣಿಸಿದಾಗ ಕನ್ನಡ ಓದುಗ ಕಂಗಾಲಾಗಬೇಕಿಲ್ಲ. ಆ ಹಣ್ಣು ನಮ್ಮ ಚಕ್ಕೋತ ಮತ್ತು ಕಿತ್ತಳೆಯ ಮಿಶ್ರತಳಿಯೇ. ದೇವನಹಳ್ಳಿಯ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿದವರಿಗೆ ಕ್ಯಾಸ್ಕೇಡ್ ಹಾಪ್ಸ್ ಅರ್ಧ ಗೊತ್ತಾದಂತೆಯೇ.

ಆದರೆ ಹಾಪ್ಸ್ ಬಳ್ಳಿ ಬೆಂಗಳೂರಿನಲ್ಲಿ ಬೆಳೆಯುವುದು ಕಷ್ಟ. ಅದಕ್ಕೆ ಚಳಿಗಾಲದ ನಿದ್ರೆಯೂ ಬೇಸಿಗೆಯ ದೀರ್ಘ ಹಗಲೂ ಬೇಕು. ಸಮಭಾಜಕಕ್ಕೆ ಹತ್ತಿರದ ನಮ್ಮಲ್ಲಿ ಎರಡೂ ಇಲ್ಲ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸ್ವಲ್ಪ ಬೆಳೆಯುತ್ತಾರೆ. ಇಲ್ಲಿನ ಕಿರು ಬ್ರೂವರಿಗಳು ಹೆಚ್ಚಾಗಿ ಅಮೆರಿಕ, ಜರ್ಮನಿಗಳಿಂದ ಒಣಗಿಸಿ ಒತ್ತಿದ ಗುಳಿಗೆಗಳನ್ನು ತರಿಸಿಕೊಳ್ಳುತ್ತವೆ.

ನೋಡು, ಮೂಸು, ಸವಿ

ಪರೀಕ್ಷೆ ಹೇಗೆ? ಮೊದಲು ಲೋಟ. ಅದರಲ್ಲಿ ಎಣ್ಣೆ ಪಸೆಯಾಗಲಿ ಸೋಪಿನ ಅಂಶವಾಗಲಿ ಉಳಿದಿರಕೂಡದು. ಉಳಿದರೆ ನೊರೆ ನಿಲ್ಲುವುದಿಲ್ಲ. ಎರಡನೆಯದು ತಾಪ. ಕಡಕ್ ಐಪಿಎಯನ್ನು ಸುಮಾರು 8ರಿಂದ 12 ಡಿಗ್ರಿಯಲ್ಲಿ ಸವಿಯಬೇಕು. ಮಂಜಿನಂತೆ ಕೊರೆಯುವ ಬಿಯರಿನಲ್ಲಿ ಘಮ ಏಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. 'ಚಿಲ್ಡ್' ಎಂದು ಕೂಗಿ ತರಿಸುವ ನಮ್ಮ ಅಭ್ಯಾಸ ಬಹಳಷ್ಟು ದೋಷಗಳನ್ನು ಮುಚ್ಚಿಡಲು ತಯಾರಕರಿಗೆ ಸಹಾಯಕ.

ಲೋಟಕ್ಕೆ ಎರಡು ಮೂರು ಬೆರಳಷ್ಟು, ಅಂದರೆ 60 ಮಿಲಿಲೀಟರಿನಷ್ಟು ಸುರಿದರೆ ಸಾಕು. ಸುರಿದ ತಕ್ಷಣ ಮೂಸಬೇಕು. ಹಗುರವಾದ ಪರಿಮಳಗಳು ಮೊದಲ ಕೆಲವು ಕ್ಷಣಗಳಲ್ಲೇ ಹಾರಿಹೋಗುತ್ತವೆ. ಚಕ್ಕೋತವೇ, ಮಾವಿನ ಸೊನೆಯೇ, ಗಜನಿಂಬೆಯೇ, ನೀಲಗಿರಿ ಎಲೆಯೇ, ಆಗತಾನೆ ಕೊಯ್ದ ಹುಲ್ಲೇ? ಹಾಪ್ಸ್ ಹಿಂದೆ ಮಾಲ್ಟಿನ ಬ್ರೆಡ್ಡು, ಬಿಸ್ಕತ್ತಿನ ವಾಸನೆ ಇದೆಯೇ? ಆಮೇಲೆ ಬೆಳಕಿಗೆ ಹಿಡಿದು ನೋಡಬೇಕು. ಬಣ್ಣ ಹೊನ್ನಿನಿಂದ ತಾಮ್ರದವರೆಗೆ ಇರಬಹುದು. ನೊರೆ ಬಿಳಿಯಾಗಿ, ಸ್ವಲ್ಪ ಹೊತ್ತು ನಿಂತು, ಕೆಳಗಿಳಿದಂತೆ ಗಾಜಿಗೆ ಬಲೆಯಂತೆ ಅಂಟಬೇಕು.

ಬಳಿಕ ಒಂದು ಗುಟುಕು. ಬಾಯಿಯ ಎಲ್ಲ ಕಡೆ ಆಡಿಸಬೇಕು. ಸಿಹಿ ನಾಲಿಗೆಯ ತುದಿಯಲ್ಲಿ, ಕಹಿ ಹಿಂದೆ ಎಂದು ಶಾಲೆಯ ಪುಸ್ತಕಗಳಲ್ಲಿ ಒಂದು ನಕ್ಷೆ ಇರುತ್ತಿತ್ತು. ಅದು ತಪ್ಪು. 1901ರ ಒಂದು ಜರ್ಮನ್ ಪ್ರಬಂಧವನ್ನು ಮುಂದೆ 1942ರಲ್ಲಿ ಅಮೆರಿಕದ ಪುಸ್ತಕವೊಂದು ತಪ್ಪಾಗಿ ಬಿಂಬಿಸಿದ್ದರಿಂದ ಹರಡಿದ ನಂಬಿಕೆ ಅದು. ಎಲ್ಲ ರುಚಿಗಳೂ ನಾಲಿಗೆಯ ಎಲ್ಲ ರುಚಿಮೊಗ್ಗುಗಳಿರುವ ಕಡೆ ತಿಳಿಯುತ್ತವೆ. ಕಹಿಯೊಂದಕ್ಕೇ ಮನುಷ್ಯನಲ್ಲಿ ಸುಮಾರು 25 ಬಗೆಯ ಗ್ರಾಹಿಗಳಿವೆ. ಕಾರಣ ಸ್ಪಷ್ಟ. ಪ್ರಕೃತಿಯಲ್ಲಿ ವಿಷಗಳು ಬಹುಮಟ್ಟಿಗೆ ಕಹಿ. ಹಾಗಾಗಿ ಮಗು ಕಹಿಯನ್ನು ಉಗುಳುತ್ತದೆ. ಕಹಿಯನ್ನು ಇಷ್ಟಪಡುವುದು ಅಭ್ಯಾಸದಿಂದ ಬರುವ ವಿದ್ಯೆ. ಹಾಗಲಕಾಯಿ ಗೊಜ್ಜು, ಮೆಂತ್ಯದ ದೋಸೆ, ಗಟ್ಟಿ ಡಿಕಾಕ್ಷನ್ ಇವನ್ನು ಮೆಚ್ಚುವ ಜನಕ್ಕೆ ಆ ವಿದ್ಯೆ ಹೊಸದಲ್ಲ.

ವೈನ್ ಪರೀಕ್ಷಕರು ಉಗುಳುತ್ತಾರೆ. ಬಿಯರ್ ಪರೀಕ್ಷಕರು ಸಾಮಾನ್ಯವಾಗಿ ಸ್ವಲ್ಪ ನುಂಗುತ್ತಾರೆ. ನುಂಗಿದ ಮೇಲೆ ಗಂಟಲಿನಿಂದ ಮೂಗಿಗೆ ಏರುವ ಘಮ, ಕಹಿ ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಇಳಿಯುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ.

ಕಹಿ ಬೇರೆ, ಒಗರು ಬೇರೆ

ಕಹಿಯನ್ನು ಅಳೆಯಲು ಒಂದು ಮಾನವಿದೆ. ಒಂದು ಲೀಟರಿನಲ್ಲಿ ರೂಪಾಂತರಗೊಂಡ ಆಲ್ಫಾ ಆಮ್ಲ ಹೆಚ್ಚುಕಡಿಮೆ 1 ಮಿಲಿಗ್ರಾಂ ಇದ್ದರೆ ಒಂದು ಕಹಿಮಾನ. ಸಾಮಾನ್ಯ ಲಾಗರಿನಲ್ಲಿ ಇದು 10ರಿಂದ 15ರ ಆಸುಪಾಸು. ಅಮೆರಿಕನ್ ಮಾದರಿಯ ಐಪಿಎಯಲ್ಲಿ 40ರಿಂದ 70. ಡಬಲ್ ಐಪಿಎಯಲ್ಲಿ 60ರಿಂದ 100. ಆದರೆ ಅಂಕಿ ಎಲ್ಲವನ್ನೂ ಹೇಳುವುದಿಲ್ಲ. ಮಾಲ್ಟಿನ ಸಿಹಿ ಹೆಚ್ಚಿದ್ದರೆ 70 ಕೂಡ ಮೃದುವಾಗಿ ತೋರುತ್ತದೆ, ಸಿಹಿಯೇ ಇಲ್ಲದಿದ್ದರೆ 40 ಕೂಡ ಚುಚ್ಚುತ್ತದೆ. ಬೇವು ಬೆಲ್ಲದ ತತ್ವ ಇಲ್ಲಿಗೂ ಸಲ್ಲುತ್ತದೆ. ಬೇವು ಎಷ್ಟು ಎಂಬುದಕ್ಕಿಂತ ಅದರ ಜೊತೆ ಬೆಲ್ಲ ಎಷ್ಟು ಎಂಬುದು ಮುಖ್ಯ.

ಇಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ಬಿಯರ್ ಪರೀಕ್ಷೆಗೆ ಹೊಸದಾಗಿ ಬಂದ ಅನೇಕರು ಕಹಿಗೂ ಬಾಯಿ ಎಳೆಯುವ ಒಣ ಅನುಭವಕ್ಕೂ ವ್ಯತ್ಯಾಸ ಅರಿಯದೆ ತೊಳಲುತ್ತಾರೆ. ನಮ್ಮ ಷಡ್ರಸಗಳಲ್ಲಿ ಕಹಿ, ಒಗರು ಎರಡೂ ಪ್ರತ್ಯೇಕ. ಹಾಗಲಕಾಯಿ ಕಹಿ, ಎಳೆ ಅಡಿಕೆ ಒಗರು. ಬಾಳೆಹೂವನ್ನು ಮಜ್ಜಿಗೆಯಲ್ಲಿ ನೆನೆಸುವುದು ಒಗರು ತೆಗೆಯಲು ಎಂಬುದು ಅಡುಗೆ ಬಲ್ಲವರಿಗೆಲ್ಲ ಗೊತ್ತು. ಐಪಿಎಯಲ್ಲಿ ಕಹಿ ಇರಬೇಕಾದ ಗುಣ. ಒಗರು ಮಿತಿಮೀರಿದರೆ ದೋಷ. ಬಾರ್ಲಿಯ ಹೊಟ್ಟನ್ನು ಅತಿಯಾದ ಬಿಸಿನೀರಿನಲ್ಲಿ ತೊಳೆದಾಗ, ಅಥವಾ ಹಾಪ್ಸ್ ಎಲೆಯ ಚೂರುಗಳು ಬಹಳ ದಿನ ಉಳಿದಾಗ ಟ್ಯಾನಿನ್ ಇಳಿದು ಒಗರು ಬರುತ್ತದೆ. ಕಹಿ ಇಳಿದು ಬಾಯಿ ಸ್ವಚ್ಛವಾದರೆ ಬಿಯರ್ ಚೆನ್ನಾಗಿದೆ. ಕಹಿ ಹೋದ ಮೇಲೂ ಒಸಡು ಬಿಗಿದುಕೊಂಡಿದ್ದರೆ ಎಲ್ಲೋ ಎಡವಿದ್ದಾರೆ ಎಂದರ್ಥ.

ಉಳಿದ ದೋಷಗಳಿಗೂ ಪರಿಚಿತ ಹೆಸರುಗಳಿವೆ. ಬೆಣ್ಣೆಯ ವಾಸನೆ ಬಂದರೆ ಡೈಅಸೆಟೈಲ್. ಹುದುಗುವಿಕೆಯನ್ನು ಆತುರದಲ್ಲಿ ಮುಗಿಸಿದ್ದಾರೆ. ಬೇಯಿಸಿದ ಮುಸುಕಿನ ಜೋಳ ಅಥವಾ ಎಲೆಕೋಸಿನ ವಾಸನೆ ಬಂದರೆ ಕುದಿಸಿದ್ದು ಸಾಲದು. ಹಸಿ ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳೆಯದು. ನೆನೆದ ರಟ್ಟಿನ ವಾಸನೆ ಬಂದರೆ ಗಾಳಿ ತಗುಲಿ ಹಳತಾಗಿದೆ. ಹಾಪ್ಸ್ ಘಮ ಬೇಗ ಮಾಸುವುದರಿಂದ ಐಪಿಎ ತಾಜಾ ಇದ್ದಾಗಲೇ ಚೆನ್ನ. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದ ಬಿಯರಿನ ಹೆಸರು ಹೊತ್ತದ್ದಕ್ಕೆ ಇದೊಂದು ವಿಚಿತ್ರ ತಿರುವು. ಇನ್ನು ಬಿಸಿಲಿಗೆ ಇಟ್ಟ ಹಸಿರು ಬಾಟಲಿಯ ಬಿಯರಿನಲ್ಲಿ ಗಬ್ಬುನಾತ ಬರುವುದುಂಟು. ಬೆಳಕು ತಗುಲಿ ಹಾಪ್ಸ್‌ನ ಕಹಿ ಅಂಶ ಒಡೆಯುವುದರಿಂದ ಆಗುವ ಬದಲಾವಣೆ ಅದು. ಕಂದು ಬಾಟಲಿ ಬಂದದ್ದು ಈ ಕಾರಣಕ್ಕೆ.

50ರಲ್ಲಿ ಎಷ್ಟು?

1985ರಲ್ಲಿ ಅಮೆರಿಕದಲ್ಲಿ ಬಿಯರ್ ತೀರ್ಪುಗಾರರಿಗೆ ತರಬೇತಿ, ಪರೀಕ್ಷೆ ನಡೆಸುವ ಸಂಸ್ಥೆಯೊಂದು ಆರಂಭವಾಯಿತು. ಅದರ ಅಂಕಪಟ್ಟಿಯನ್ನೇ ಇಂದು ಅನೇಕ ದೇಶಗಳಲ್ಲಿ ಬಳಸುತ್ತಾರೆ. ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿನ ಸ್ಪರ್ಶಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. 45ರ ಮೇಲೆ ಬಂದರೆ ಅಸಾಧಾರಣ. 13ಕ್ಕಿಂತ ಮೇಲೇರದಿದ್ದರೆ ತಯಾರಿಕೆಯಲ್ಲೇ ದೊಡ್ಡ ದೋಷವಿದೆ. ತೀರ್ಪುಗಾರನಿಗೆ ತಯಾರಕನ ಹೆಸರು ಹೇಳುವುದಿಲ್ಲ. ತನಗೆ ಇಷ್ಟವಾಯಿತೇ ಇಲ್ಲವೇ ಎಂಬುದಲ್ಲ, ಯಾವ ಬಗೆಯ ಬಿಯರ್ ಎಂದು ಹೇಳಿಕೊಂಡಿದೆಯೋ ಆ ಬಗೆಗೆ ಅದು ನ್ಯಾಯ ಸಲ್ಲಿಸಿದೆಯೇ ಎಂಬುದು ಪ್ರಶ್ನೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಮಲಿಗೆ ಒಂದೇ ಒಂದು ಅಂಕವೂ ಇಲ್ಲ. ಮದ್ಯಾಂಶ ಶೇ 7 ಇದ್ದರೂ ಅದು ಗಂಟಲು ಸುಡುವಂತೆ ತೋರಿದರೆ ಅಂಕ ಕಳೆಯುತ್ತಾರೆ. ಕಡಕ್ಕಾಗಿದ್ದೂ ಕಡಕ್ಕೆಂದು ತೋರದಿರುವುದೇ ಒಳ್ಳೆಯ ಕಡಕ್ ಬಿಯರಿನ ಲಕ್ಷಣ.

'ಸ್ಟ್ರಾಂಗ್' ಎಂದರೆ ಎರಡರ್ಥ

ನಮ್ಮ ಅಂಗಡಿಗಳಲ್ಲಿ ಈ ಮಾತಿಗೆ ಬೇರೆಯದೇ ಅರ್ಥವಿದೆ. ಭಾರತದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಶೇ 5ಕ್ಕಿಂತ ಹೆಚ್ಚು, ಶೇ 8ರವರೆಗೆ ಮದ್ಯಾಂಶವಿರುವುದು 'ಸ್ಟ್ರಾಂಗ್ ಬಿಯರ್'. ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಹೆಚ್ಚಿನ ಪಾಲು ಇದೇ. ಆದರೆ ಈ ಬಿಯರಿನ ಕಡಕ್ಕು ಹಾಪ್ಸ್‌ನದಲ್ಲ. ಅಕ್ಕಿ, ಮುಸುಕಿನ ಜೋಳ, ಸಕ್ಕರೆ ಸೇರಿಸಿ ಮದ್ಯಾಂಶ ಏರಿಸುತ್ತಾರೆ, ಕಹಿಯನ್ನು ಕೆಳಗೇ ಇಡುತ್ತಾರೆ. ಅನೇಕ ರಾಜ್ಯಗಳಲ್ಲಿ ಬಿಯರಿನ ತೆರಿಗೆ ಬಹುಕಾಲ ಮದ್ಯಾಂಶವನ್ನು ನೋಡದೆ ಲೀಟರಿನ ಲೆಕ್ಕದಲ್ಲೇ ಇತ್ತು. ಹೀಗಾಗಿ ಕೊಟ್ಟ ಕಾಸಿಗೆ ಹೆಚ್ಚು ಅಮಲು ಹುಡುಕುವುದು ಕೊಳ್ಳುವವನಿಗೆ ಸಹಜವಾಯಿತು.

ಸಣ್ಣ ಲೆಕ್ಕ ಮಾಡಬಹುದು. 650 ಮಿಲಿಲೀಟರಿನ ಶೇ 8ರ ಬಾಟಲಿಯಲ್ಲಿ 52 ಮಿಲಿಲೀಟರ್, ಅಂದರೆ ಸುಮಾರು 41 ಗ್ರಾಂ ಮದ್ಯಸಾರ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10 ಗ್ರಾಂ ಒಂದು ಪ್ರಮಾಣ. ಒಂದು ಬಾಟಲಿ ಎಂದರೆ ನಾಲ್ಕು ಪ್ರಮಾಣ. 'ಒಂದೇ ಬಿಯರ್ ಕುಡಿದದ್ದು' ಎನ್ನುವವರು ಇದನ್ನು ಗಮನಿಸಬೇಕು. ಪರೀಕ್ಷಕ ಸವಿಯುವ 60 ಮಿಲಿಲೀಟರ್ ಶೇ 7ರ ಐಪಿಎಯಲ್ಲಿ ಇರುವುದು ಸುಮಾರು 3 ಗ್ರಾಂ. ರುಚಿ ನೋಡಲು ಇಷ್ಟು ಸಾಕು. ಅದಕ್ಕಿಂತ ಮುಂದಿನದು ರುಚಿಯ ವಿಷಯವಾಗಿ ಉಳಿಯುವುದಿಲ್ಲ, ಏಕೆಂದರೆ ಅಮಲು ಏರಿದಂತೆ ಮೂಗು, ನಾಲಿಗೆಗಳ ವಿವೇಚನೆಯೇ ಮೊದಲು ಮಸುಕಾಗುತ್ತದೆ.

ರುಚಿ ಬಲ್ಲವನು ಕಡಿಮೆ ಕುಡಿಯುತ್ತಾನೆ ಎಂದು ಕಿರು ಬ್ರೂವರಿಗಳ ಅಭಿಮಾನಿಗಳು ಹೇಳುವುದುಂಟು. ಇದು ಅರ್ಧ ಸತ್ಯ ಮಾತ್ರ. ಮೂಗಿನಿಂದ ಮೂಸಿ ಕುಡಿದರೂ ಯಕೃತ್ತಿಗೆ ಮದ್ಯಸಾರ ಮದ್ಯಸಾರವೇ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ರಸಿಕತೆ ವೈದ್ಯಕೀಯ ರಿಯಾಯಿತಿ ತರುವುದಿಲ್ಲ.

ನಾಲಿಗೆಗೆ ಎಟುಕದ್ದು

ಈಗ ಅಂತಸ್ತಿನ ಮಾತಿಗೆ ಬರೋಣ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮಿಶ್ರಿತ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. 2008ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡು ಗಡಿ ಭಾಗದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ಕಳ್ಳಭಟ್ಟಿಗೆ ಬಲಿಯಾದರು. ಸತ್ತವರಲ್ಲಿ ಹೆಚ್ಚಿನವರು ಬಡವರು, ದಿನಗೂಲಿಯವರು.

ಕೊಂದದ್ದು ಮೆಥನಾಲ್. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ಬಾರ್ಲಿಯಿಂದ ಸರಿಯಾಗಿ ಹುದುಗಿಸಿದ ಬಿಯರಿನಲ್ಲಿ ಅದು ಗಣನೆಗೆ ಬಾರದಷ್ಟು ಅಲ್ಪ. ಆದರೆ ಕಳ್ಳಭಟ್ಟಿಗೆ ಬೆರೆಸಿದ ಮೆಥನಾಲನ್ನು ರುಚಿಯಿಂದಾಗಲಿ ವಾಸನೆಯಿಂದಾಗಲಿ ಗುರುತಿಸಲು ಸಾಧ್ಯವಿಲ್ಲ. ಅದು ಸಾಮಾನ್ಯ ಮದ್ಯಸಾರದಂತೆಯೇ ಇರುತ್ತದೆ. ಬೆಣ್ಣೆಯ ವಾಸನೆ, ರಟ್ಟಿನ ವಾಸನೆ, ಒಗರು ಎಲ್ಲವನ್ನೂ ಹಿಡಿಯಬಲ್ಲ ತರಬೇತಾದ ನಾಲಿಗೆ ಕೂಡ ಇಲ್ಲಿ ಕುರುಡು. ವಿಷವನ್ನು ಉಗುಳಲೆಂದು ಪ್ರಕೃತಿ ಕೊಟ್ಟ 25 ಕಹಿ ಗ್ರಾಹಿಗಳು ಈ ಒಂದು ವಿಷಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ರುಚಿ ನೋಡುವ ವಿದ್ಯೆಯ ಕೆಳಗೆ ಕಣ್ಣಿಗೆ ಕಾಣದ ಒಂದು ತಳಪಾಯವಿದೆ. ಲೋಟದಲ್ಲಿರುವುದು ವಿಷವಲ್ಲ ಎಂಬ ಭರವಸೆ ಅದು. ಪರವಾನಗಿ, ಪ್ರಯೋಗಾಲಯ, ತಪಾಸಣೆ, ಲೇಬಲ್ ಇವು ಕೊಡುವ ಭರವಸೆ. ಚಕ್ಕೋತದ ಘಮವೋ ಮಾವಿನ ಸೊನೆಯೋ ಎಂದು ಚರ್ಚಿಸುವವನು ಆ ಭರವಸೆಯನ್ನು ಪಡೆದವನು. ಅದು ಸಿಗದವನಿಗೆ ರುಚಿಯ ಪ್ರಶ್ನೆಯೇ ಏಳುವುದಿಲ್ಲ. ಅವನು ಮೂಗು ಮುಚ್ಚಿ ಒಂದೇ ಗುಟುಕಿಗೆ ಕುಡಿಯುತ್ತಾನೆ. ಕಂಪೆನಿಯ ಕಾಲದಲ್ಲಿ ಅಧಿಕಾರಿಗೆ ಪೇಲ್ ಏಲ್, ಸೋಲ್ಜರ್‌ಗೆ ಸಾರಾಯಿ ಎಂದಿದ್ದ ಭೇದ ಬೇರೆ ರೂಪದಲ್ಲಿ ಇಂದಿಗೂ ಉಳಿದಿದೆ.

ಕುಡಿಯದಿರುವುದು ಬಾಪೂಜಿ ತೋರಿದ ದಾರಿ. ಆ ದಾರಿಯಲ್ಲಿ ನಡೆಯುವವರಿಗೆ ಈ ಯಾವ ಲೆಕ್ಕವೂ ಬೇಕಾಗಿಲ್ಲ. ಕುಡಿಯುವವರು ಮಾತ್ರ ಬಾಟಲಿಯ ಮೇಲಿನ ಮದ್ಯಾಂಶ ಎಷ್ಟು, ಯಾವಾಗ ತಯಾರಾದದ್ದು, ಒಳಗೆ ಏನೇನಿದೆ ಎಂದು ಕೇಳುವುದನ್ನು ಕಲಿಯಬೇಕು. ಮಂಜಿನ ತಂಪಿನಲ್ಲಿ ಅಡಗಿಸಿ ಕೊಟ್ಟದ್ದನ್ನು ಸ್ವಲ್ಪ ಹೊತ್ತು ಬಿಟ್ಟು, ಮೂಸಿ, ಕಹಿಯೋ ಒಗರೋ ಎಂದು ಬೇರ್ಪಡಿಸಿ ನೋಡಬೇಕು. ಹಾಗೆ ಕೇಳುವ ಹಕ್ಕು ದುಬಾರಿ ಬ್ರೂವರಿಯಲ್ಲಿ ಕುಳಿತವನಿಗೆ ಇರುವಷ್ಟೇ ಮೈಸೂರು ರಸ್ತೆಯ ಅಂಗಡಿಯ ಮುಂದೆ ನಿಂತ ಕೂಲಿಯವನಿಗೂ ಇದೆ. ಆ ಹಕ್ಕು ಅವನಿಗೂ ದಕ್ಕುವಂತೆ ಮಾಡುವುದು ನಾಲಿಗೆಯಿಂದ ಆಗುವ ಕೆಲಸವಲ್ಲ, ಆಡಳಿತದಿಂದ ಆಗಬೇಕಾದ ಕೆಲಸ.